ಕೆಡಲೊಲ್ಲದ ಟಿ.ವಿ.

ಕೊಟ್ಟೂರು
೧೯-೧೧-೨೦೦೧

ಚಿ. ಸೌ. ಅಮೃತಾಳಿಗೆ ನಿನ್ನ ಅತ್ತಿಗೆ ಸುಕನ್ಯಾಳ ಆಶೀರ್ವಾದಗಳು.

ಕ್ಷೇಮಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಟಿ.ವಿ. ಸಮಾಚಾರ ಕೇಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನನ್ನು ಪ್ರತಿಸಲವೂ ನಿಮ್ಮ ಮಾವನವರೇ ಎತ್ತುತ್ತಾರೆ, ನಿನ್ನ ಕೈಗೆ ಕೊಟ್ಟ ಮೇಲೂ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಎದುರು ಆಡುವ ಮಾತಲ್ಲ ಇದು.

ದೀಪಾವಳಿಗೆ ನಿಮ್ಮಣ್ಣ ಕಲರ್ ಟಿ.ವಿ. ತಂದರು. ಹೊಸಪೇಟೆಯ ಅಂಗಡಿಯವನು, ಹಳೆಯದನ್ನು ಕೊಟ್ಟರೆ ಹೊಸದರ ರೇಟಿನಲ್ಲಿ ಇಳಿಸುತ್ತೇನೆ ಎಂದಿದ್ದ. ನಮ್ಮ ಮನೆಯ ಆ ಮರದ ಬಾಗಿಲಿನ ಕಪ್ಪು ಬಿಳುಪು ಟಿ.ವಿ.ಗೆ ಇದಕ್ಕಿಂತ ಒಳ್ಳೆಯ ಗತಿ ಸಿಗಲಾರದು ಎಂದುಕೊಂಡು ನಾನು ಅದನ್ನು ಒರೆಸಿ, ಹಳೇ ಸೀರೆ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೆ. ಟೆಂಪೋ ಬಂತು. ಅತ್ತೆ ಹೊಸ್ತಿಲಿಗೆ ಅಡ್ಡಲಾಗಿ ಕೂತುಬಿಟ್ಟರು.

"ಅದು ಅಮೃತಾಂದು. ಅಕಿನ್ನ ಕೇಳದ ಹೊಸ್ತಿಲ ದಾಟಂಗಿಲ್ಲ."

"ಇಷ್ಟು ವರ್ಷ ಆತಬೇ, ಅಕಿ ಒಯ್ದಿಲ್ಲಲ್ಲ" ಎಂದರು ನಿಮ್ಮಣ್ಣ.

"ಒಯ್ದಿಲ್ಲಂದ್ರ ಅಕೀದಲ್ಲಂತೇನು?"

ಟೆಂಪೋದವನು ಬೀಡಿ ಹಚ್ಚಿದ, ಸೇದಿ ಮುಗಿಸಿದ, ಕಲರ್ ಟಿ.ವಿ. ಇಳಿಸಿ ಬರಿ ಟೆಂಪೋ ಹೊಡೆದುಕೊಂಡು ಹೋದ. ಈಗ ನಮ್ಮ ಪಡಸಾಲೆಯಲ್ಲಿ ಎರಡು ಟಿ.ವಿ. ಇವೆ. ಸಂಜೆಯಾದರೆ ಎರಡೂ ಶುರುವಾಗುತ್ತವೆ. ಕಲರ್ ಟಿ.ವಿ. ಅತ್ತೆಯ ಕಣ್ಣಿಗೆ ಕುಕ್ಕುತ್ತದಂತೆ, ಅವರಿಗೆ ಹಳೆಯದೇ ಬೇಕು. ಆ ಕಡೆ ಒಬ್ಬ ವಾರ್ತೆ ಓದುತ್ತಾನೆ, ಈ ಕಡೆ ಒಬ್ಬಳು ಹಾಡುತ್ತಾಳೆ, ನಡುವೆ ನಾನು ರೊಟ್ಟಿ ತಟ್ಟುತ್ತೇನೆ.

ನಿನ್ನ ಮದುವೆಯ ಹೊತ್ತಿಗೆ ನಾನಿನ್ನೂ ಈ ಮನೆಗೆ ಬಂದಿರಲಿಲ್ಲ. ಆದರೂ ಆ ಕಥೆ ನನಗೆ ಬಾಯಿಪಾಠ. ಬೀಗರಿಗೆ ತೋರಿಸಲೆಂದು ಹಂದರದಲ್ಲಿ ಪಾತ್ರೆಪಗಡದ ಜೊತೆ ಟಿ.ವಿ.ಯನ್ನೂ ಇಟ್ಟಿದ್ದರಂತೆ. ನಿಮ್ಮ ಮಾವ ಏಕಾಂತಪ್ಪನವರು, "ಪಾತ್ರಿ ಒಯ್ತೀವಿ, ಹಾಸಿಗಿ ಒಯ್ತೀವಿ. ಈ ಡಬ್ಬಿ ಮಾತ್ರ ಬ್ಯಾಡ್ರಿ. ಇದು ಮನಿ ಹೊಕ್ಕರ ಯಾರೂ ಹೊಲಕ್ಕ ಹೋಗಂಗಿಲ್ಲ" ಎಂದರಂತೆ. ಮಾವ, ಅಂದರೆ ನಿಮ್ಮಪ್ಪ, "ಇದು ಅಮೃತಾನ ಹೆಸರಿಂದು, ನಮ್ಮನ್ಯಾಗ ಇರ್ತತಿ, ಯಾವಾಗ ಬೇಕಾದ್ರೂ ಒಯ್ಲಿ" ಎಂದರಂತೆ. ಅವರು ಹೋಗಿಯೂ ಐದು ವರ್ಷವಾಯಿತು. ಈಗ ನಿಮ್ಮ ಮನೆಯಲ್ಲೂ ಟಿ.ವಿ. ಬಂದಿದೆ, ನಿಮ್ಮ ಮಾವನವರೇ ಹಗಲೆಲ್ಲ ಅದರ ಮುಂದೆ ಇರುತ್ತಾರೆಂದು ನೀನೇ ಬರೆದಿದ್ದೀ.

ಒಂದೋ ಬಂದು ಒಯ್ಯಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ ಎಂದು ಅತ್ತೆಗೆ ಒಂದು ಸಾಲು ಬರೆ. ಅಷ್ಟು ಸಾಕು. ನಾವೆಲ್ಲ ಕ್ಷೇಮ.

ನಿನ್ನ ಅತ್ತಿಗೆ,
ಸುಕನ್ಯಾ


ಹಿರೇಹಡಗಲಿ
೪-೧೨-೨೦೦೧

ಅತ್ತಿಗೆಯವರಿಗೆ ಅಮೃತಾಳ ನಮಸ್ಕಾರಗಳು.

ಕಾಗದ ತಲುಪಿತು. ಕಲರ್ ಟಿ.ವಿ. ತಂದದ್ದು ಸಂತೋಷ. ಇಲ್ಲಿ ಶೇಂಗಾ ಕಿತ್ತು ಮುಗಿದಿದೆ, ಜೋಳಕ್ಕೆ ಹಕ್ಕಿ ಕಾಟ.

ಟಿ.ವಿ. ಈಗ ಒಯ್ಯಲು ಆಗುವುದಿಲ್ಲ. ಇಡಲು ಜಾಗವಿಲ್ಲ, ಕರೆಂಟೂ ನೆಟ್ಟಗಿಲ್ಲ. ಇನ್ನು ಯಾರಿಗಾದರೂ ಕೊಡುವ ಮಾತು. ಅದನ್ನು ಬರೆಯಲು ಎರಡು ಸಲ ಕೂತೆ, ಆಗಲಿಲ್ಲ. ಏಕೆ ಆಗಲಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಅಪ್ಪ ಹೋದ ಮಾರನೆಯ ವರ್ಷ ಅಣ್ಣ ಕೂಡ್ಲಿಗಿಯ ನೋಂದಣಿ ಕಚೇರಿಗೆ ಬಾ ಎಂದ, ಬಂದೆ. ಹೊಲಕ್ಕೆ ಸಹಿ ಹಾಕು ಎಂದ, ಹಾಕಿದೆ. ಮನೆಗೂ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ, ನನಗೆ ಹೊಲ ಬೇಕಾಗಿಯೂ ಇರಲಿಲ್ಲ. ಅಣ್ಣನ ಮನೆ ಅಣ್ಣನದಾಗಿರಲಿ ಎಂದೇ ಹಾಕಿದ್ದು. ಆದರೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವುದು ಅವತ್ತು ಕಚೇರಿಯ ಮೆಟ್ಟಿಲು ಇಳಿಯುವಾಗ ಅರ್ಥವಾಯಿತು. ಆ ಮನೆಯಲ್ಲಿ ನನ್ನ ಹೆಸರಿನದು ಈಗ ಉಳಿದಿರುವುದು ಆ ಡಬ್ಬಿಯೊಂದೇ. ಹೆಣ್ಣುಮಗಳ ಸಾಮಾನು ಒಂದಾದರೂ ತವರಲ್ಲಿ ಇರಬೇಕು, ಪೂರಾ ಖಾಲಿ ಮಾಡಿಕೊಂಡು ಹೋಗಬಾರದು ಎಂದು ಅವ್ವ ಹೇಳುತ್ತಿದ್ದಳು.

ಅದು ಒಂದು ಮೂಲೆಯಲ್ಲಿ ಇದ್ದರೆ ನಿಮಗೇನು ತೊಂದರೆ? ಇರಲಿ ಬಿಡಿ.

ನಿಮ್ಮ ನಾದಿನಿ,
ಅಮೃತಾ


ಕೊಟ್ಟೂರು
೨೨-೧೨-೨೦೦೧

ಅಮೃತಾ,

ನನಗೇನು ತೊಂದರೆ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ.

ನಾನು ಹರಪನಹಳ್ಳಿಯಲ್ಲಿ ನಮ್ಮಕ್ಕನ ಹತ್ತಿರ ಇದ್ದು ಸೀರೆಗೆ ಫಾಲ್ಸು, ಪಿಕೋ ಹಾಕುವುದನ್ನು ಕಲಿತು ಬಂದದ್ದು ನಿನಗೆ ಗೊತ್ತು. ಮಷಿನ್ನೂ ಬಂದಿದೆ. ದಸರೆಗೆ ಬಂದದ್ದು ಇವತ್ತಿನವರೆಗೂ ಅಡುಗೆಮನೆಯಲ್ಲಿ ಜೋಳದ ಚೀಲದ ಪಕ್ಕ ಗೋಣಿ ಹೊದ್ದು ಕೂತಿದೆ. ಏಕೆಂದರೆ ಪಡಸಾಲೆಯಲ್ಲಿ ಬೆಳಕು ಬೀಳುವ ಕಿಟಕಿ ಒಂದು, ಆ ಬೆಳಕಿನಲ್ಲಿ ಪ್ಲಗ್ ಇರುವ ಮೂಲೆ ಒಂದು, ಅಲ್ಲಿ ನಾಲ್ಕು ಕಾಲು ಚಾಚಿಕೊಂಡು ನಿಂತಿರುವುದು ನಿನ್ನ ಟಿ.ವಿ. ಓಣಿಯ ಹೆಂಗಸರು ಸೀರೆ ತಂದು "ಯಾವಾಗ ಸುರು ಮಾಡ್ತೀಯವ್ವ?" ಎಂದು ಕೇಳಿ ಕೇಳಿ ಈಗ ಹಗರಿಬೊಮ್ಮನಹಳ್ಳಿಗೆ ಕಳಿಸುತ್ತಿದ್ದಾರೆ. ಕತ್ತಲ ಅಡುಗೆಮನೆಯಲ್ಲಿ ಕೂತು ಬಣ್ಣದ ದಾರ ಹೊಂದಿಸಿದರೆ ಹಸಿರು ಸೀರೆಗೆ ನೀಲಿ ದಾರ ಹಾಕಿಕೊಟ್ಟೇನು.

ಈ ಮನೆಗೆ ಬಂದು ಹನ್ನೊಂದು ವರ್ಷ. ಕಪಾಟು ಅತ್ತೆಯದು, ಟ್ರಂಕು ನಿಮ್ಮಣ್ಣನದು, ದೇವರ ಜಗಲಿ ನಿಮ್ಮ ಅಜ್ಜನ ಕಾಲದ್ದು, ಮೂಲೆ ನಿನ್ನದು. ನಿನಗೆ ಹಿರೇಹಡಗಲಿಯಲ್ಲಿ ಒಂದು ಮನೆ, ಇಲ್ಲೊಂದು ಮೂಲೆ. ನನಗೆ ಕೋಗಳಿಯಲ್ಲಿ ಅಪ್ಪ ಅವ್ವ ಇಲ್ಲ, ಅಣ್ಣತಮ್ಮಂದಿರಂತೂ ಮೊದಲೇ ಇಲ್ಲ, ಇದ್ದ ಮನೆ ಬಿದ್ದುಹೋಗಿದೆ. ಇಲ್ಲಿ ಒಂದು ಮೂಲೆ ಕೇಳಿದರೆ ಅದಕ್ಕೂ ಹಿರೇಹಡಗಲಿಯಿಂದ ಅಪ್ಪಣೆ ಬರಬೇಕು. ಸಿಟ್ಟು ಬರುತ್ತದೋ ಇಲ್ಲವೋ ನೀನೇ ಹೇಳು.

ಹಾಳಾದ್ದು ಕೆಟ್ಟಾದರೂ ಹೋಗಬಾರದೇ! ಕೆಟ್ಟರೆ ಅತ್ತೆಯೂ ಸುಮ್ಮನಾಗುತ್ತಿದ್ದರು. ಮಳೆಗಾಲದಲ್ಲಿ ಸೋರುವ ಕಡೆ ಸರಿಸಿಟ್ಟೆ, ಕೆಡಲಿಲ್ಲ. ಬೇಸಿಗೆಯಲ್ಲಿ ಕರೆಂಟು ಒಂದೇ ಸಲಕ್ಕೆ ಏರಿ ಓಣಿಯ ಬಲ್ಬೆಲ್ಲ ಹೋದವು, ಅದು ಹೋಗಲಿಲ್ಲ. ಚಿತ್ರ ಒಂದು ಸ್ವಲ್ಪ ಮೇಲಕ್ಕೆ ಉರುಳುತ್ತದೆ. ಅತ್ತೆ ಎದ್ದು ಹೋಗಿ ನೆತ್ತಿಗೆ ಒಂದು ಏಟು ಕೊಡುತ್ತಾರೆ, ಮತ್ತೆ ನೆಟ್ಟಗೆ. ನನ್ನನ್ನು ಮಾತ್ರ ಈ ಮನೆಯಲ್ಲಿ ಯಾರೂ ಇಷ್ಟು ಕಾಳಜಿಯಿಂದ ರಿಪೇರಿ ಮಾಡುವುದಿಲ್ಲ.

ಮೊನ್ನೆ ರಿಪೇರಿ ಅಂಗಡಿಯ ಪಕ್ಕೀರಪ್ಪನನ್ನು ಕರೆಸಿದೆ. ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಜಾತ್ರೆಯಲ್ಲಿ ಹಳೇ ಗೆಳೆಯ ಸಿಕ್ಕವನ ಹಾಗೆ ನಕ್ಕ.

"ಯಕ್ಕಾ, ಇದು ಕೆಡೋ ಮಾಲಲ್ರಿ. ಈಗಿನವು ಕೆಡ್ತಾವ, ಇದು ಕೆಡಂಗಿಲ್ಲ."

"ಹಂಗಾದ್ರ ನೀನ ತಗಂಡೋಗಪ್ಪ, ನಮ್ಮ ಅತ್ತೀಗೆ ನಾ ಹೇಳ್ತೀನಿ."

"ಕೆಟ್ಟ ಟಿ.ವಿ. ಇದ್ರ ಕೊಡ್ರಿ, ಸಾಮಾನು ಬಿಚ್ಚಿಕ್ಕಂತೀನಿ. ನಡಿಯೋ ಟಿ.ವಿ. ಬಿಚ್ಚಾಕ ನನಗ ಮನಸು ಬರಂಗಿಲ್ರಿ."

ಅಂಗನವಾಡಿಯ ದ್ಯಾಮಕ್ಕನನ್ನು ಕೇಳಿದೆ. ಮಕ್ಕಳಿಗೆ ಬೇಕೇ ಬೇಕು ಎಂದಳು. ಆದರೆ ಅವರ ಕಟ್ಟಡಕ್ಕೆ ಕರೆಂಟು ಇಲ್ಲ. ಅಲ್ಲಿಗೆ ಅದೂ ಮುಗಿಯಿತು.

ನಿನ್ನ ಸಹಿಯ ವಿಷಯ ನಿನಗೂ ನಿಮ್ಮಣ್ಣನಿಗೂ ಬಿಟ್ಟದ್ದು. ನನ್ನನ್ನು ಆಗ ಯಾರೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಟಿ.ವಿ. ಮಾತ್ರ ಒಯ್ಯಿ.

ಸುಕನ್ಯಾ


ಹಿರೇಹಡಗಲಿ
೧೬-೧-೨೦೦೨

ಅತ್ತಿಗೆಯವರಿಗೆ ನಮಸ್ಕಾರ.

ಸಂಕ್ರಾಂತಿಗೆ ಇಲ್ಲಿ ಎಲ್ಲ ಚೆನ್ನಾಗಿ ಆಯಿತು. ಹೊಳೆಗೆ ಹೋಗಿ ಬಂದೆವು. ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ. ನಿಮಗೆ ಮಷಿನ್ ಬಂದದ್ದು ನನಗೆ ಗೊತ್ತಿರಲಿಲ್ಲ. ಯಾರು ಹೇಳಬೇಕು? ಅಣ್ಣನ ಕಾಗದ ಬಂದು ವರ್ಷಗಳೇ ಆದವು.

ಅವ್ವನ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ.

ಅಮೃತಾ


ಕೊಟ್ಟೂರು
೧೦-೩-೨೦೦೨

ಅಮೃತಾ,

ನಿಮ್ಮ ಸುಗ್ಗಿ ಮುಗಿದಿದೆ ಎಂದು ಸಂತೆಗೆ ಬಂದ ನಿಮ್ಮ ಊರಿನವರೇ ಹೇಳಿದರು. ಪಕ್ಕದ ಮನೆಯ ಬಂಗಾರಪ್ಪ ಈರುಳ್ಳಿ ತುಂಬಲು ನಿಮ್ಮ ಕಡೆ ಬರಿ ಟೆಂಪೋ ಹೊಡೆಯುತ್ತಿದ್ದಾನೆ. ಅತ್ತೆ ಉಜ್ಜಿನಿಗೆ ಹೋಗಿದ್ದಾರೆ. ಟಿ.ವಿ.ಯನ್ನು ಹಾಸಿಗೆ ಸುತ್ತಿ, ಅಲುಗದ ಹಾಗೆ ಹಗ್ಗ ಬಿಗಿದು ಕಳಿಸಿದ್ದೇನೆ. ಆಂಟೆನಾ ತಂತಿಯೂ ಅದರೊಳಗೇ ಇದೆ. ಹಾಸಿಗೆ ವಾಪಸು ಕಳಿಸು, ಅದು ನಮ್ಮದು.

ಸುಕನ್ಯಾ


ಹಿರೇಹಡಗಲಿ
೧೧-೩-೨೦೦೨

ಅತ್ತಿಗೆಯವರಿಗೆ ನಮಸ್ಕಾರ.

ಬಂಗಾರಪ್ಪನ ಟೆಂಪೋದಲ್ಲೇ ಎರಡನ್ನೂ ಕಳಿಸಿದ್ದೇನೆ, ಹಾಸಿಗೆಯನ್ನೂ ಟಿ.ವಿ.ಯನ್ನೂ. ತವರಿನಿಂದ ಬಂದ ಸಾಮಾನನ್ನು ಬರಿದಾಗಿ ಕಳಿಸಬಾರದು. ಅದಕ್ಕೇ ಜೊತೆಗೆ ಹೊಸ ಜೋಳ, ಮೆಣಸಿನಕಾಯಿ, ಐದು ತೆಂಗಿನಕಾಯಿ ಇಟ್ಟಿದ್ದೇನೆ. ಮೆಣಸಿನಕಾಯಿ ಖಾರ ಇದೆ, ನೋಡಿಕೊಂಡು ಹಾಕಿ.

ಅಮೃತಾ


ಕೊಟ್ಟೂರು
೨-೪-೨೦೦೨

ಅಮೃತಾ,

ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ಕಾಗದ ಬರೆಯಲಿಲ್ಲ. ಇಳಿಯಲಿಲ್ಲ, ಬರೆಯುತ್ತಿದ್ದೇನೆ.

ಟೆಂಪೋ ವಾಪಸು ಬರುವ ಹೊತ್ತಿಗೆ ಅತ್ತೆ ಉಜ್ಜಿನಿಯಿಂದ ಬಂದು ಮೂಲೆ ಖಾಲಿ ಇದ್ದದ್ದು ನೋಡಿ ಊಟ ಬಿಟ್ಟು ಮಲಗಿದ್ದರು. ಟೆಂಪೋ ನಿಂತಿತು, ಟಿ.ವಿ. ಇಳಿಯಿತು, ಅದರ ಬೆನ್ನಿಗೆ ಜೋಳದ ಚೀಲ, ಕಾಯಿ. ಅತ್ತೆ ಎದ್ದು ಬಂದವರೇ "ನನ್ನ ಮಗಳ ಸಾಮಾನು ತಿರುಗಿ ಬಂತು" ಎಂದು ಅದಕ್ಕೆ ನೀರು ನಿವಾಳಿಸಿ ಚೆಲ್ಲಿ ಒಳಗೆ ಕರೆದುಕೊಂಡರು. ಕೋಗಳಿಯಲ್ಲಿ ಬಾಣಂತನ ಮುಗಿಸಿ ನಾನು ಕೂಸು ಎತ್ತಿಕೊಂಡು ಬಂದಾಗಲೂ ಹೀಗೇ ನಿವಾಳಿಸಿದ್ದರು. ಆಗ ಒಂದು ತೆಂಗಿನಕಾಯಿ ಒಡೆದಿದ್ದರು, ಟಿ.ವಿ.ಗೆ ಎರಡು.

ಓಣಿಗೆ ಓಣಿಯೇ ನಗುತ್ತಿದೆ. "ನಾದಿನಿ ಟಿ.ವಿ. ತವರಿಗೆ ಬಂದೈತಂತ, ಎಷ್ಟು ದಿನ ಇರ್ತತಿ?" ಎಂದು ಭರಮಮ್ಮ ನೀರಿನ ಕೊಳಾಯಿಯ ಹತ್ತಿರ ಕೇಳಿದಳು. ನಿಮ್ಮಣ್ಣನಿಗೆ ಹೇಳಿದರೆ "ಹೆಂಗಸ್ರ ಯವಾರ, ನೀವು ನೀವ ಬಗಿಹರ್ಸಿಕ್ರಿ" ಎಂದು ತಮ್ಮ ಬೀಜ ಗೊಬ್ಬರದ ಅಂಗಡಿಗೆ ಹೋದರು. ಗೊಬ್ಬರದ ಚೀಲ ಅವರಿಗೆ ಮಾತಾಡುವುದಿಲ್ಲ, ಅಲ್ಲಿ ಸುಖ.

ಸ್ಪಷ್ಟವಾಗಿ ಕೇಳುತ್ತೇನೆ. ಪಾಲು ಬೇಕಿದ್ದರೆ ಸಹಿ ಹಾಕುವಾಗಲೇ ಕೇಳಬೇಕಿತ್ತು. ಅದನ್ನು ಬಿಟ್ಟು ಒಂದು ಹಳೇ ಡಬ್ಬಿಯನ್ನು ನನ್ನ ಎದೆಯ ಮೇಲೆ ಇಟ್ಟು ಹಕ್ಕು ಸಾಧಿಸುವುದು ಎಂಥ ರೀತಿ? ಅಷ್ಟು ತವರಿನ ಮೇಲೆ ಮಮತೆ ಇದ್ದರೆ ಬಂದು ಹೋಗು. ಹೋದ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಅತ್ತೆ ದಿನವೆಲ್ಲ ಬಸ್‌ಸ್ಟ್ಯಾಂಡಿನ ಕಡೆ ನೋಡಿದ್ದೇ ಬಂತು. ನೀನು ಬರುವುದಿಲ್ಲ. ನಿನ್ನ ಟಿ.ವಿ. ಮಾತ್ರ ಹೋದರೂ ತಿರುಗಿ ಬರುತ್ತದೆ.

ಸುಕನ್ಯಾ


ಹಿರೇಹಡಗಲಿ
೨೪-೬-೨೦೦೨

ಅತ್ತಿಗೆಯವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಪಾಲಿನ ಮಾತು ನೀವು ಬರೆದದ್ದು ನನಗೆ ಬಹಳ ನೋವಾಯಿತು. ಊಟ ಸೇರಲಿಲ್ಲ.

ಪಂಚಮಿಗೆ ಬರುವುದಿಲ್ಲ ಎಂದಿರಿ. ಅಪ್ಪ ಇದ್ದಷ್ಟು ದಿನ ಪಂಚಮಿಗೆ ಮುಂಚೆ ತಾನೇ ಬಂದು, ಈ ಕಟ್ಟೆಯ ಮೇಲೆ ಕೂತು, ಮಾವನವರ ಹತ್ತಿರ "ಮಗಳನ್ನ ಕಳಸ್ರಿ" ಎಂದು ಕೇಳಿ ಕರೆದುಕೊಂಡು ಹೋಗುತ್ತಿದ್ದ. ಅಪ್ಪ ಹೋದ ಮೇಲೆ ಯಾರು ಬಂದಿದ್ದೀರಿ? ಕರೆಯದೆ ಬ್ಯಾಗು ಹಿಡಿದುಕೊಂಡು ತವರಿಗೆ ಹೋದ ಮಗಳನ್ನು ಈ ಊರೂ ಆ ಊರೂ ಏನೆನ್ನುತ್ತವೆ ಎಂದು ನಿಮಗೆ ಗೊತ್ತಿಲ್ಲವೇ? ಗಂಡನ ಮನೆಯಲ್ಲಿ ಜಗಳ ಮಾಡಿ ಬಂದಳು ಎನ್ನುತ್ತಾರೆ. ಇಲ್ಲವೇ ಪಾಲು ಕೇಳಲು ಬಂದಳು ಎನ್ನುತ್ತಾರೆ. ಆ ಎರಡನೆಯ ಮಾತನ್ನು ನೀವೇ ಅಂದಿದ್ದೀರಿ.

ಸಹಿ ಆಯಿತು, ಕರೆಯುವುದು ನಿಂತಿತು. ನಾನು ಇಷ್ಟೇ ಕಂಡದ್ದು.

ಅಮೃತಾ


ಕೊಟ್ಟೂರು
೨೮-೭-೨೦೦೨

ಅಮೃತಾ,

ಪಾಲಿನ ಮಾತು ನಾನು ಬರೆಯಬಾರದಿತ್ತು. ಬರೆದೆ. ನನಗೆ ನಾಲಿಗೆ ಉದ್ದ ಎಂದು ಕೋಗಳಿಯಲ್ಲೂ ಹೇಳುತ್ತಿದ್ದರು.

ಆದರೆ ಕರೆಯುವ ವಿಷಯದಲ್ಲಿ ನನ್ನ ಮೇಲೆ ಹಾಕಬೇಡ. ಅತ್ತೆ ಗಂಡ ಸತ್ತವರು, ಹಬ್ಬಕ್ಕೆ ಕರೆಯಲು ತಾವು ಹೋಗಬಾರದು ಎನ್ನುತ್ತಾರೆ. ಅದನ್ನು ಬಿಡಿ ಎಂದು ನಾನು ಹೇಳಿದರೂ ಕೇಳುವುದಿಲ್ಲ. ಉಳಿದವರು ನಿಮ್ಮಣ್ಣ. ನಿನ್ನ ಕಾಗದವನ್ನು ಅವರ ತಟ್ಟೆಯ ಪಕ್ಕ ಇಟ್ಟೆ. ಓದಿದರು.

"ಅಕೀ ಮನಿಗೆ ಅಕೀನ್ನ ಕರೀಬೇಕೇನು? ನಾ ಹೋಗಿ ಕರದ್ರ ಅಕೀ ಹೊರಗಿನಾಕಿ ಆದಂಗಲ್ಲೇನು? ಯಾವಾಗ ಬೇಕಾದ್ರೂ ಬರ್ಲಿ, ಬಾಗ್ಲ ತೆಗದೈತಿ."

ಇದು ಪ್ರೀತಿಯೋ ಸೋಮಾರಿತನವೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು. ಆಮೇಲೆ ಆಷಾಢ ಎಂದರು, ಬಿತ್ತನೆಯ ಸೀಜನ್ನು ಎಂದರು, ಅಂಗಡಿ ಬಿಟ್ಟು ಬರಲಾಗದು ಎಂದರು. ನೀನು ಕರೆದರೆ ಬರುತ್ತೀ, ಅವರು ನೀನು ಬಂದರೆ ಸಂತೋಷಪಡುತ್ತಾರೆ. ನಿಮ್ಮಿಬ್ಬರ ನಡುವೆ ನನ್ನ ಕಿಟಕಿಗೆ ಅಡ್ಡವಾಗಿ ನಿಂತಿರುವುದು ಆ ಟಿ.ವಿ. ಅಣ್ಣ ತಂಗಿ ಮಾತಾಡಬೇಕಾದ್ದನ್ನೆಲ್ಲ ಅದು ನಿಂತುಕೊಂಡೇ ಕೇಳಿಸಿಕೊಳ್ಳುತ್ತದೆ, ನನಗೆ ದಾರ ಪೋಣಿಸಲು ಬೆಳಕಿಲ್ಲ.

ಸಾಕಾಯಿತು. ನನಗೆ ನಿಮ್ಮ ಪಂಚಾಯಿತಿ ಬೇಡ, ನನ್ನ ಮೂಲೆ ಬೇಕು. ನಾಗರ ಅಮಾವಾಸ್ಯೆ ಮುಗಿಯಲಿ. ಪಂಚಮಿಗೆ ಮುಂಚೆ ನಾನೇ ಬರುತ್ತೇನೆ. ಟಿ.ವಿ.ಯನ್ನು ನಿಮ್ಮ ಕಟ್ಟೆಯ ಮೇಲೆ ಕುಕ್ಕಿ, ಕೈ ಝಾಡಿಸಿಕೊಂಡು ಅದೇ ಬಸ್ಸಿಗೆ ವಾಪಸಾಗುತ್ತೇನೆ. ಅತ್ತೆ ಹೊಸ್ತಿಲಿಗೆ ಅಡ್ಡ ಕೂತರೆ ಹಿತ್ತಲ ಬಾಗಿಲಿನಿಂದ ತರುತ್ತೇನೆ. ಈ ಸಲ ಕಾಯಿ ಇಟ್ಟು ಕಳಿಸುವ ಆಟ ನಡೆಯುವುದಿಲ್ಲ.

ಸುಕನ್ಯಾ


ಕೊಟ್ಟೂರು
೨೨-೮-೨೦೦೨

ಅಮೃತಾ,

ನೀನು ವಾಪಸು ಹೋಗಿ ಐದಾರು ದಿನವಾಯಿತು. ನೀನು ಇದ್ದಾಗ ಅತ್ತೆ ಒಂದು ಗಳಿಗೆಯೂ ನಿನ್ನನ್ನು ಬಿಟ್ಟು ಕೂಡಲಿಲ್ಲ. ಹೀಗಾಗಿ ಕೇಳಬೇಕೆಂದಿದ್ದದ್ದು ಹೊಟ್ಟೆಯಲ್ಲೇ ಉಳಿಯಿತು.

ಅವತ್ತಿನ ಪ್ರಯಾಣ ನೆನೆಸಿಕೊಂಡರೆ ಈಗಲೂ ಸೊಂಟ ನೋಯುತ್ತದೆ. ಇಲ್ಲಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಹಡಗಲಿ, ಅಲ್ಲಿಂದ ನಿಮ್ಮೂರು. ಪ್ರತಿ ಬಸ್ಸಿಗೂ ಅದನ್ನು ಮೇಲೆ ಹತ್ತಿಸು, ಇಳಿಸು. ಪ್ರತಿ ಕಂಡಕ್ಟರನೂ "ನಡೀತತೇನ್ರಿ ಇದು?" ಎಂದು ಕೇಳುವವನೇ. ನಡೆಯುತ್ತದೆ ಎಂದರೆ "ಮತ್ಯಾಕ ಒಗಿಯಾಕ ಹೊಂಟೀರಿ?" ದಾರಿಯುದ್ದಕ್ಕೂ ನಿನಗೆ ಅನ್ನಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಅರೆದು ಅರೆದು ಇಟ್ಟುಕೊಂಡಿದ್ದೆ. ಹಮಾಲಿ ಎರ್ರೆಪ್ಪನ ತಲೆಯ ಮೇಲೆ ಅದನ್ನು ಹೊರಿಸಿಕೊಂಡು ನಿಮ್ಮ ಓಣಿಗೆ ಬಂದಾಗ ಒಂದೊಂದೂ ಬಾಯಿತುದಿಯಲ್ಲಿತ್ತು.

ಕಟ್ಟೆಯ ಮೇಲೆ ನಿಮ್ಮ ಮಾವನವರು ಬಿಳೀ ಪಂಚೆ ಉಟ್ಟು ಕೂತಿದ್ದರು. ನನ್ನನ್ನು ನೋಡಿದ್ದೇ ಎದ್ದು ನಿಂತರು. ಅಷ್ಟು ವಯಸ್ಸಾದವರು ನನಗೆ ಎದ್ದು ನಿಂತದ್ದು!

"ಬರ್ರಿ ತಾಯಿ, ಬರ್ರಿ. ಪಂಚಮಿಗೆ ಕರಿಯಾಕ ಬಂದ್ರಿ, ಭಾಳ ಛಲೋ ಆತು. ಅಣ್ಣ ಬರ್ಲಿಲ್ಲಂದ್ರ ಏನಾತು? ಅತ್ತಿಗಿ ಬಂದು ಕರಿಯೋದಂದ್ರ ದೊಡ್ಡ ಮಾತು."

ಕಾಲಿಗೆ ನೀರು ಬಂತು. ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. "ಅಮೃತಾನ್ನ ಕರಿಯಾಕ ಬಂದಾರ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಒಳಗಿನಿಂದ ಹೋಳಿಗೆಯ ವಾಸನೆ. ನಾನು ಅರೆದಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ, "ಹೂಂನ್ರಿ, ಕರಿಯಾಕ ಬಂದೀನ್ರಿ" ಎಂದೆ. ನಾನೇ ಅಂದದ್ದು, ನನ್ನ ಬಾಯಿಂದಲೇ.

ನೀನು ಒಳಗೆ ಇದ್ದೆ, ಮುಂದಿನದು ನೀನು ಕೇಳಿಲ್ಲ. ಎರ್ರೆಪ್ಪ ಟಿ.ವಿ. ಇಳಿಸಿದ. ನಿಮ್ಮ ಮಾವನವರು ಅದರ ಮರದ ಬಾಗಿಲನ್ನು ಸರಿಸಿ ನೋಡಿ, "ಅವತ್ತು ನಾ ಬ್ಯಾಡ ಅನ್ನಬಾರದಾಗಿತ್ತು, ಬೀಗ್ರ ಮುಖ ಸಣ್ಣದಾತು" ಎಂದರು. ಇಷ್ಟು ವರ್ಷ ನಾನು ಅವರಿಗೆ ಹೆದರಿ ಫೋನು ಇಟ್ಟದ್ದು ನೆನಪಾಗಿ ನಾಚಿಕೆಯಾಯಿತು.

ಅದೇ ಬಸ್ಸಿಗೆ ವಾಪಸು ಹೊರಟೆ, ಆದರೆ ಪಕ್ಕದಲ್ಲಿ ನೀನು ಕೂತಿದ್ದೆ. ದಾರಿಯಲ್ಲಿ ಕೇಳೋಣವೆಂದರೆ ಬಸ್ಸಿನ ತುಂಬ ಪಂಚಮಿಗೆ ಹೊರಟ ಜನ. ಹಡಗಲಿಯಲ್ಲಿ ಮಿರ್ಚಿ ಮಂಡಕ್ಕಿ ತಿಂದೆವು, ಅಷ್ಟೇ.

ನಾನು ಆ ಕಡೆ ಹೋದದ್ದೇ ನಿಮ್ಮಣ್ಣ ಮಷಿನ್ನನ್ನು ಮೂಲೆಗೆ ತಂದು ಇಟ್ಟಿದ್ದರು. ಹೆಂಡತಿಯ ಬಾಯಿಗೆ ಅಂಜಿ ಮಾಡಿದ ಕೆಲಸ. ಆದರೆ ನೀನು ಬರುತ್ತೀಯೆಂದು ಅವರಿಗೇನು ಗೊತ್ತು? ನೀನು ಒಳಗೆ ಬಂದವಳೇ ಮೊದಲು ಮೂಲೆ ನೋಡಿದೆ. ನಾನು ನಿನ್ನ ಮುಖ ನೋಡಿದೆ. ವರ್ಷವೆಲ್ಲ ಬೇಕೆಂದು ಬಡಿದಾಡಿದ ಮೂಲೆ ಆ ಗಳಿಗೆಯಲ್ಲಿ ನನಗೆ ಬೇಡವಾಗಿತ್ತು. ನಿಮ್ಮಣ್ಣ ನಿನ್ನನ್ನು ಕಂಡು "ಬಂದೇನಬೇ" ಎಂದವರೇ ಹಿತ್ತಲಿಗೆ ಹೋಗಿ ಪಂಚಮಿಯ ಜೋಕಾಲಿಗೆ ಹಗ್ಗ ಹುಡುಕುತ್ತ ನಿಂತರು.

ಮೂಲೆಯಲ್ಲಿ ಈಗ ಕೆಲಸ ನಡೆದಿದೆ. ಭರಮಮ್ಮನೇ ಮೊದಲು ಸೀರೆ ತಂದಳು.

ನಾನು ಕೇಳಬೇಕೆಂದಿದ್ದದ್ದು ಇದು. ಅವತ್ತು ನಾನು ಬಂದ ಗಳಿಗೆಯಲ್ಲಿ ನೀನು ಹೊಸ ಸೀರೆ ಉಟ್ಟಿದ್ದೆ, ಬ್ಯಾಗು ಬಾಗಿಲ ಹಿಂದೆ ತುಂಬಿ ನಿಂತಿತ್ತು. ನಾನು ಬೈಯಲು ಬರುತ್ತೇನೆಂದು ಬರೆದಿದ್ದೆ. ನಿನಗೆ ಆ ಕಾಗದ ತಲುಪಲಿಲ್ಲವೇ?

ನಿನ್ನ ಅತ್ತಿಗೆ,
ಸುಕನ್ಯಾ


ಹಿರೇಹಡಗಲಿ
೩-೯-೨೦೦೨

ಅತ್ತಿಗೆಯವರಿಗೆ ಅಮೃತಾಳ ನಮಸ್ಕಾರಗಳು.

ತಲುಪಿತ್ತು. ಅಮಾವಾಸ್ಯೆಗೆ ಮುಂಚೆಯೇ ತಲುಪಿತ್ತು. ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ.

ಅಪ್ಪ ಹೋದ ಮೇಲೆ ಪ್ರತಿ ಪಂಚಮಿಗೂ ಮಾವನವರು "ತವರಿಂದ ಯಾರರ ಬರ್ತಾರೇನವ್ವ?" ಎಂದು ಕೇಳುತ್ತಿದ್ದರು. ನಾನು ಪ್ರತಿ ವರ್ಷವೂ, "ಕಾಗದ ಹಾಕ್ಯಾರ್ರಿ, ಬಾ ಅಂದಾರ. ಹೊಲದಾಗ ಕಳಿ ಭಾಳ ಐತಲ್ರಿ, ನಾನ ಒಲ್ಲೆ ಅಂದೆ" ಎನ್ನುತ್ತಿದ್ದೆ. ಅವರು ಹೂಂ ಎಂದು, ಆಳಿನಿಂದ ನಮ್ಮ ಹಿತ್ತಲಿನ ಬೇವಿನ ಮರಕ್ಕೇ ಜೋಕಾಲಿ ಕಟ್ಟಿಸುತ್ತಿದ್ದರು. ಓಣಿಯ ಸೊಸೆಯರೆಲ್ಲ ತಮ್ಮ ತವರಿಗೆ ಹೋದ ಮೇಲೆ ಸೊಸೆಯೊಬ್ಬಳಿಗಾಗಿ ಜೋಕಾಲಿ ಯಾರು ಕಟ್ಟಿಸುತ್ತಾರೆ ಅತ್ತಿಗೆ? ಅವರಿಗೆ ಗೊತ್ತಿತ್ತು. ಗೊತ್ತಿದೆಯೆಂದು ನನಗೆ ತೋರಿಸಲಿಲ್ಲ, ಅಷ್ಟೇ.

ನಿಮ್ಮ ಕಾಗದದಲ್ಲಿ ನೀವು ಏನೇನೋ ಬರೆದಿದ್ದಿರಿ. ಕುಕ್ಕುತ್ತೇನೆ ಎಂದಿದ್ದಿರಿ, ಕೈ ಝಾಡಿಸುತ್ತೇನೆ ಎಂದಿದ್ದಿರಿ. ಅದರಲ್ಲಿ ಒಂದೇ ಸಾಲು ನನಗೆ ಬೇಕಾಗಿತ್ತು. ಪಂಚಮಿಗೆ ಮುಂಚೆ ನಾನೇ ಬರುತ್ತೇನೆ ಎನ್ನುವುದು. ಕಾಗದ ಮಡಚಿ ಇಟ್ಟು ಪಡಸಾಲೆಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಈ ಸರ್ತಿ ನಮ್ಮತ್ತಿಗಿ ಕರಿಯಾಕ ಬರ್ತಾರ್ರಿ." ಓಣಿಗೂ ನಾನೇ ಹೇಳಿಬಂದೆ. ಹೋಳಿಗೆಗೆ ಬೇಳೆ ನಾನೇ ಹಾಕಿದೆ.

ನೀವು ಬಂದು ಕಟ್ಟೆಯ ಮೇಲೆ ಬೈಯಲು ಶುರುಮಾಡಿದರೆ ಏನು ಮಾಡುವುದೆಂದು ಯೋಚಿಸುತ್ತ ಬಾಗಿಲ ಹಿಂದೆ ನಿಂತಿದ್ದೆ. ನೀವು "ಹೂಂನ್ರಿ, ಕರಿಯಾಕ ಬಂದೀನ್ರಿ" ಎಂದದ್ದು ಅಲ್ಲಿಂದಲೇ ಕೇಳಿಸಿಕೊಂಡೆ. ಅಡುಗೆಮನೆಗೆ ಓಡಿಹೋಗಿ ಕಣ್ಣೀರು ಹಾಕಿದೆ. ನೀವು ಹೊಗೆಗೆ ಕಣ್ಣು ಕೆಂಪಾಗಿದೆ ಎಂದುಕೊಂಡಿರಿ.

ಟಿ.ವಿ. ನಮ್ಮ ಕೋಣೆಯಲ್ಲಿದೆ. ಕೆಟ್ಟಿಲ್ಲ. ಇವರು ಬಯ್ಯುತ್ತಾರೆ, ಕಾಲು ತಾಗುತ್ತದಂತೆ.

ನಿಮ್ಮ ಮೂಲೆ ನಿಮಗೇ ಇರಲಿ, ನನಗೆ ಸಂಕಟವಿಲ್ಲ. ನಿಮ್ಮ ಮಷಿನ್ ಅಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಹೆದರಿಕೆ ಇದೆ, ಸುಳ್ಳೇಕೆ ಹೇಳಲಿ? ಆ ಮನೆಯಲ್ಲಿ ಈಗ ನನ್ನದೆನ್ನುವುದು ಏನೂ ಇಲ್ಲ. ಮುಂದಿನ ವರ್ಷ ತಂದುಹಾಕಲು ನಿಮ್ಮ ಹತ್ತಿರವೂ ಏನೂ ಇಲ್ಲ. ಬರಿಗೈಯಲ್ಲೇ ಬರಬೇಕಾಗುತ್ತದೆ. ಬನ್ನಿ ಅತ್ತಿಗೆ. ಬೈಯುತ್ತಲೇ ಬನ್ನಿ, ಹಗರಿಬೊಮ್ಮನಹಳ್ಳಿಯಿಂದ ಇಲ್ಲಿಯವರೆಗೂ ಬೈಯಿರಿ. ನಾನು ಬ್ಯಾಗು ತುಂಬಿಟ್ಟಿರುತ್ತೇನೆ.

ನಿಮ್ಮ,
ಅಮೃತಾ